ಪಾರ್ಕಿಗೆ ನೀರು ಹಾಕೋ ದುಡ್ಡು ಯಾರದು? ಬಿತ್ತುವಟ್ಟದಿಂದ ಆಸ್ತಿ ತೆರಿಗೆವರೆಗೆ ನಮ್ಮ ಲೆಕ್ಕ



ಬರಹ ಸ್ವಲ್ಪ ಉದ್ದ ಅದ. ಟೈಮ್ ಮಾಡ್ಕೊಂಡು ಪೂರ್ತಿ ಓದ್ರಿ. ಮೀಸಲಾತಿ, ದೌರ್ಜನ್ಯ, ಭೂಮಿ ಬಗ್ಗೆ ನಾವು ದಿನಾ ಬರಿತೀವಿ. ಇವತ್ತು ಪಾರ್ಕಿನ ಬಗ್ಗೆ ಬರಿಯೋನು. ನಗಬ್ಯಾಡ್ರಿ. ಇದು ಹೂವಿನ ಗಿಡದ ವಿಷಯ ಅಲ್ಲ, ಗೇಟಿನ ವಿಷಯ.

ರಾಯಚೂರಿನ ಹೊಸ ಬಡಾವಣೆಗಳಲ್ಲಿ, ಈಗೀಗ ದೇವದುರ್ಗ, ಮಾನ್ವಿಯಂಥ ಊರಿನ ಲೇಔಟುಗಳಲ್ಲೂ ಒಂದು ಮಾತು ಕೇಳಿ ಬರ್ತದ. "ಊರಾಡಳಿತದವರು ಪಾರ್ಕ್ ನೋಡ್ಕೊಳ್ಳೋದಿಲ್ಲ. ನಾವೇ ಸೈಟಿನ ಅಳತೆ ಮೇಲೆ ವರ್ಷಕ್ಕೊಂದು ಪಟ್ಟಿ ಹಾಕ್ಕೊಂಡು ನೋಡ್ಕೊಳ್ಳೋಣ." ಕೇಳಿದ್ರೆ ಒಳ್ಳೆ ಮಾತೇ ಅನಿಸ್ತದ. ಯಾರ ಮನೆ ಮುಂದಿನ ಗಿಡಕ್ಕೆ ಅವರೇ ನೀರು ಹಾಕಿದ್ರೆ ನಮಗೇನು ನಷ್ಟ?

ನಷ್ಟ ಅದ. ಅದನ್ನು ಹೇಳಬೇಕಂದ್ರೆ ಸ್ವಲ್ಪ ಹಿಂದಕ್ಕ ಹೋಗಬೇಕು. ಊರಿನ ಒಂದು ಜಾಗವನ್ನು ಕಟ್ಟಿದವರು ಯಾರು ಎಂಬುದಕ್ಕಿಂತ, ಅದನ್ನು ವರ್ಷಾ ವರ್ಷ ನೋಡಿಕೊಳ್ಳುವ ದುಡ್ಡು ಯಾರ ಹೆಸರಿನಲ್ಲಿ ಬರುತ್ತದೆ ಎಂಬುದರ ಮೇಲೆಯೇ ಅಲ್ಲಿಗೆ ನಾವು ಕಾಲಿಡಬಹುದೋ ಇಲ್ಲವೋ ಎಂಬುದು ತೀರ್ಮಾನ ಆಗುತ್ತಾ ಬಂದಿದೆ.

ಮೊದಲು ಕೆರೆಯಿಂದ ಶುರು ಮಾಡೋಣ.

ನಮ್ಮ ನಾಡಿನ ಶಾಸನಗಳಲ್ಲಿ "ಬಿತ್ತುವಟ್ಟ" ಅನ್ನೋ ಮಾತು ಮತ್ತೆ ಮತ್ತೆ ಬರ್ತದ. ಕೆರೆಯ ಕೆಳಗೆ ನೀರಾವರಿ ಆಗುವ ಜಮೀನಿನಿಂದ ಒಂದು ಪಾಲು ಎತ್ತಿ, ಅದನ್ನು ಕೆರೆಯ ರಿಪೇರಿಗೆ, ಹೂಳು ತೆಗೆಯೋದಕ್ಕೆ ಬಿಡುವ ಪದ್ಧತಿ. ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿಸಿದವರಿಗೆ ಕಂದಾಯ ಇಲ್ಲದ ಜಮೀನು ಕೊಡೋದಕ್ಕೆ "ಕೆರೆಗೊಡಗಿ" ಅಂತಿದ್ರು. "ದಶವಂದ" ಅಂತ ಇನ್ನೊಂದಿತ್ತು. ಇವತ್ತಿನ ಭಾಷೆಯಲ್ಲಿ ಹೇಳಬೇಕಂದ್ರೆ, ಲಾಭ ಪಡೆಯುವ ಆಸ್ತಿಯ ಮೇಲೆ ವರ್ಷಕ್ಕೊಮ್ಮೆ ಕರ ಹಾಕಿ ಅದೇ ಜಾಗದ ನಿರ್ವಹಣೆಗೆ ಬಳಸೋದು. ಲೇಔಟಿನವರು ಈಗ ಹೇಳ್ತಿರೋದು ಹೊಸದೇನಲ್ಲ.

ಬಹಳ ಜನ ಇದನ್ನು ಹೊಗಳಿ ಬರೆದಿದ್ದಾರೆ. ಕೆರೆ ಉಳಿದದ್ದು ಇದರಿಂದಲೇ ಅಂತಾರೆ. ಉಳಿದಿರಬಹುದು. ಆದರೆ ಒಂದು ಪ್ರಶ್ನೆ ಕೇಳ್ರಿ. ಬಿತ್ತುವಟ್ಟ ಕೊಡುವವನು ಭೂಮಿ ಇದ್ದವನು. ಹೂಳು ಹೊತ್ತವರು ಯಾರು? ತೂಬು ಕಾಯ್ದವರು, ನೀರು ತಿರುವಿದವರು ಯಾರು? ಎಷ್ಟೋ ಊರಲ್ಲಿ ನೀರಗಂಟಿ, ತೋಟಿ, ತಳವಾರ ಕೆಲಸಕ್ಕೆ ಹಚ್ಚಿದ್ದು ಯಾರನ್ನ? ಕೊಟ್ಟವನ ಹೆಸರು ಕಲ್ಲಿನ ಮೇಲೆ ಬಂತು. ಹೊತ್ತವನ ಹೆಸರು ಎಲ್ಲೂ ಬರಲಿಲ್ಲ. ಅಷ್ಟೇ ಅಲ್ಲ, ಹೊತ್ತವನು ಅದೇ ಕೆರೆಗೆ ಕೊಡ ಇಳಿಸೋ ಹಂಗಿರಲಿಲ್ಲ. ಲೆಕ್ಕದಲ್ಲಿ ದುಡ್ಡು ಕಂಡಿತು, ಬೆವರು ಕಾಣಲಿಲ್ಲ.

ಇನ್ನೊಂದು ಮಾತು. ನಾವು ಪಟ್ಟಿ ಕೊಟ್ಟಾಗಲಾದ್ರೂ ಹಕ್ಕು ಬಂತೇನು? ನಮ್ಮ ಭಾಗದ ಊರುಗಳಲ್ಲಿ ಜಾತ್ರೆ ಪಟ್ಟಿ ಎತ್ತುವಾಗ ಕೇರಿಯನ್ನು ಬಿಟ್ಟು ಎತ್ತಿದ್ದು ಎಲ್ಲಿ ಅದ? ಕೇರಿಗೂ ಪಟ್ಟಿ ಬರ್ತದ, ಗುಡಿ ಬಾಗಿಲು ಮಾತ್ರ ಕೇರಿಗೆ ಬರಲ್ಲ. "ದುಡ್ಡು ಕೊಟ್ಟವನಿಗೆ ಹಕ್ಕು" ಅನ್ನೋ ನಿಯಮ ನಮ್ಮ ವಿಷಯದಲ್ಲಿ ಯಾವತ್ತೂ ನಡೆದಿಲ್ಲ. ಕೊಡದೇ ಇದ್ದಾಗ "ನೀನು ಕೊಟ್ಟಿಲ್ಲ" ಅಂದ್ರು. ಕೊಟ್ಟಾಗ "ನಿನ್ನ ಜಾತಿ ಬೇರೆ" ಅಂದ್ರು.

ಈಗ ನಿಜಾಮರ ಕಾಲಕ್ಕೆ ಬರೋಣ.

ರಾಯಚೂರು, ದೇವದುರ್ಗ, ಮಾನ್ವಿ ಎಲ್ಲಾ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 19ನೇ ಶತಮಾನದ ಕೊನೆ ಹೊತ್ತಿಗೆ ಸಂಸ್ಥಾನದಲ್ಲಿ ಭೂಕಂದಾಯದ ರೂಪಾಯಿಗೆ 1 ಆಣೆಯಂತೆ ಲೋಕಲ್ ಸೆಸ್ ಎತ್ತೋದು ಶುರುವಾಯ್ತು. ರಸ್ತೆ, ಶಾಲೆ, ದವಾಖಾನೆ, ಬಾವಿ ಇಂಥವಕ್ಕೆಲ್ಲಾ ಈ ದುಡ್ಡು. ರೂಪಾಯಿಗೆ 16 ಆಣೆ, ಅಂದ್ರೆ 16ರಲ್ಲಿ 1 ಪಾಲು ಊರಿನ ಅಭಿವೃದ್ಧಿಗೆ. ಕಂದಾಯ ಕಟ್ಟುವವನು ಪಟ್ಟಾದಾರ. ಆದರೆ ಆ ಕಂದಾಯ ಹುಟ್ಟಿದ್ದು ಯಾರ ದುಡಿಮೆಯಲ್ಲಿ? ಜೀತದವನ ದುಡಿಮೆಯಲ್ಲಿ. ಅವನ ದುಡಿಮೆಯ ಆಣೆಯಿಂದ ಬಾವಿ ಆಯ್ತು, ಬಾವಿಯ ನೀರು ಅವನಿಗೆ ಸಿಗಲಿಲ್ಲ.

ಪಟ್ಟಣದಲ್ಲಿ ಬಲ್ದಿಯಾ ಇತ್ತು. ಹಳೇ ಮಂದಿ ಮುನ್ಸಿಪಾಲಿಟಿಗೆ ಹಂಗೇ ಅಂತಿದ್ರು. ರಾಯಚೂರಿನವರಿಗೆ ಗೊತ್ತದ, ನಮ್ಮ ಊರಿನ ಓಣಿಗಳ ಹೆಸರಲ್ಲೇ ಭೂಗೋಳ ಅದ. ಅಂದ್ರೂನ್ ಕಿಲ್ಲಾ ಅಂದ್ರೆ ಕೋಟೆ ಒಳಗೆ. ಬೇರೂನ್ ಕಿಲ್ಲಾ ಅಂದ್ರೆ ಕೋಟೆ ಹೊರಗೆ. ಹರಿಜನವಾಡ ಅನ್ನೋ ಹೆಸರಿಗಂತೂ ಅರ್ಥ ಹೇಳೋದೇ ಬೇಡ, ಜಾತಿಯೇ ಅಡ್ರೆಸ್ ಆಗ್ಯದ. ಒಳಗೆ ಯಾರು, ಹೊರಗೆ ಯಾರು ಅನ್ನೋದು ಮೊದಲು ಹೆಸರಿನಲ್ಲಿ ಬರ್ತದ, ಆಮೇಲೆ ರಿಜಿಸ್ಟರಿನಲ್ಲಿ.

ರಿಜಿಸ್ಟರು ಅಂದೆ. ನಾನು ಗುಮಾಸ್ತ. ಡಿಮ್ಯಾಂಡ್ ರಿಜಿಸ್ಟರ್, ಬೇಡಿಕೆ-ವಸೂಲಿ-ಬಾಕಿ ತಃಖ್ತೆ ಅಂದ್ರೆ ಏನು ಅಂತ ನನಗೆ ಚೆನ್ನಾಗಿ ಗೊತ್ತು. ರಿಜಿಸ್ಟರಿನಲ್ಲಿ ಇಲ್ಲದ ಮನೆ ಆಫೀಸಿನ ಕಣ್ಣಿಗೆ ಮನೆಯೇ ಅಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ಈ ತೆರಿಗೆ ಪುಸ್ತಕವೇ ಮತದಾರರ ಪಟ್ಟಿಗೂ ಮೂಲ ಆಗಿತ್ತು. ಇಷ್ಟು ಕಂದಾಯ, ಇಷ್ಟು ತೆರಿಗೆ ಕಟ್ಟಿದವನಿಗೆ ಮಾತ್ರ ಓಟು. 1919ರ ಜನವರಿಯಲ್ಲಿ ಸೌತ್‌ಬರೋ ಕಮಿಟಿ ಮುಂದೆ ಸಾಕ್ಷಿ ಹೇಳಿದ ಬಾಬಾಸಾಹೇಬರು ಹಿಡಿದದ್ದು ಇದೇ ಗಂಟನ್ನು. ಅಸ್ಪೃಶ್ಯನಿಗೆ ವ್ಯಾಪಾರ ಮಾಡೋಕೆ ಬಿಡಲ್ಲ, ಅವನ ಅಂಗಡಿಗೆ ಗಿರಾಕಿ ಬರಲ್ಲ, ಹಿಂಗಿದ್ದಾಗ ಅವನ ಹತ್ರ ಆಸ್ತಿ ಎಲ್ಲಿಂದ ಬರಬೇಕು? ಆಸ್ತಿ ಇಲ್ಲದ್ದಕ್ಕೆ ಓಟು ಇಲ್ಲ ಅಂದ್ರೆ, ಮೊದಲು ಕೈ ಕಟ್ಟಿ ಆಮೇಲೆ ಈಜು ಅಂದ ಹಂಗಾಯ್ತು. ಆಗ ಅವರಿಗೆ ಇನ್ನೂ 27 ವರ್ಷ. 1928ರಲ್ಲಿ ಸೈಮನ್ ಕಮಿಷನ್ ಹೊತ್ತಿಗೆ ವಯಸ್ಕರೆಲ್ಲರಿಗೂ ಓಟು ಕೊಡ್ರಿ ಅಂತ ನೇರವಾಗಿ ಕೇಳಿದರು. ಆಸ್ತಿಯಿಂದ ಹಕ್ಕನ್ನು ಬಿಡಿಸೋದು ಅವರ ಮೊದಲ ಕೆಲಸಗಳಲ್ಲಿ ಒಂದು.

ಈಗ ಬರೋದು ಈ ಕಥೆಯ ನಡುಗಂಬ.

1923ರ ಆಗಸ್ಟ್ 4. ಮುಂಬೈ ಶಾಸನ ಪರಿಷತ್ತಿನಲ್ಲಿ ಎಸ್.ಕೆ. ಬೋಲೆ ಅವರು ಒಂದು ಠರಾವು ತಂದರು. ಸಾರ್ವಜನಿಕ ಹಣದಿಂದ ಕಟ್ಟಿದ, ಸಾರ್ವಜನಿಕ ಹಣದಿಂದ ನೋಡಿಕೊಳ್ಳುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ದವಾಖಾನೆಗಳನ್ನು ಅಸ್ಪೃಶ್ಯರೂ ಬಳಸಬಹುದು ಅನ್ನೋದು ಅದರ ತಿರುಳು. ಇಲ್ಲಿ ತರ್ಕ ನೋಡ್ರಿ. "ದಯವಿಟ್ಟು ಬಿಡ್ರಿ" ಅನ್ನೋ ಮಾತಿಲ್ಲ. "ನಾವೂ ತೆರಿಗೆ ಕಟ್ತೀವಿ, ರಸೀದಿ ನೋಡ್ರಿ" ಅನ್ನೋ ಮಾತೂ ಇಲ್ಲ. ದುಡ್ಡು ಸಾರ್ವಜನಿಕ ಆಗಿದ್ರೆ ಜಾಗ ಸಾರ್ವಜನಿಕ, ಅಷ್ಟೇ. ಯಾರು ಎಷ್ಟು ಕೊಟ್ಟರು ಅನ್ನೋದನ್ನು ಕೇಳಂಗಿಲ್ಲ. ಬಿತ್ತುವಟ್ಟದ ಕಾಲದಿಂದ ಬಂದ ನಿಯಮ ಅಲ್ಲಿ ತಿರುಗಿ ನಿಂತಿತು.

1924ರ ಜನವರಿಯಲ್ಲಿ ಮಹಾಡ್ ಮುನ್ಸಿಪಾಲಿಟಿ ತನ್ನ ಚವದಾರ್ ಕೆರೆ ಎಲ್ಲರಿಗೂ ತೆರೆದಿದೆ ಅಂತ ಠರಾವು ಮಾಡಿತು. ಕಾಗದದ ಮೇಲೆ ಮಾತ್ರ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಹೋಗಿ ಆ ನೀರು ಮುಟ್ಟಿದರು, ಕುಡಿದರು. ಆಮೇಲೆ ನಡೆದ ಹಲ್ಲೆ, ಕೆರೆಯ "ಶುದ್ಧೀಕರಣ" ನಿಮಗೆ ಗೊತ್ತದ. ಅದೇ ವರ್ಷ ಆಗಸ್ಟಿನಲ್ಲಿ ಮುನ್ಸಿಪಾಲಿಟಿ ತನ್ನ ಠರಾವನ್ನೇ ವಾಪಸ್ ತಗೊಂಡಿತು. ಡಿಸೆಂಬರಿನಲ್ಲಿ ಕೋರ್ಟಿಗೆ ಹೋದರು.

ಮಹಾಡ್ ಅಂದ್ರೆ ನಾವು ಸತ್ಯಾಗ್ರಹ ಅಂತ ಭಾಷಣ ಮಾಡ್ತೀವಿ, ಕೋರ್ಟಿನ ಕಡತ ಓದಿದವರು ಕಡಿಮೆ. ಆ ಕೆರೆಯ ಸುತ್ತಾ ಇದ್ದದ್ದು ಸವರ್ಣೀಯರ ಮನೆಗಳು. ಕೆರೆ ಊರಿನದ್ದಲ್ಲ, ತಮ್ಮದು, ಅನಾದಿ ಕಾಲದಿಂದ ತಮಗೆ ಮಾತ್ರ ಬಳಕೆ ಅನ್ನೋದು ಅವರ ವಾದ. ಸುತ್ತಾ ಮನೆ ಇದ್ದವರದ್ದೇ ನಡುವಿನ ಜಾಗ! 10 ವರ್ಷ ಕೇಸು ನಡೆಯಿತು. 1937ರ ಮಾರ್ಚ್ 17ರಂದು ಮುಂಬೈ ಹೈಕೋರ್ಟು ತೀರ್ಪು ಕೊಟ್ಟಿತು. ಕೆರೆ ಮುನ್ಸಿಪಾಲಿಟಿಯದು, ಅಸ್ಪೃಶ್ಯರನ್ನು ಹೊರಗಿಡುವ ಅನಾದಿ ಪದ್ಧತಿ ಸಾಬೀತಾಗಿಲ್ಲ. ಬಾಬಾಸಾಹೇಬರು ಗೆದ್ದರು. ಆ ಕೆರೆ ಸುತ್ತಲಿನ ಮನೆಯವರ ಒಂದು ಸಂಘದ ಹೆಸರಿನಲ್ಲಿ ಇದ್ದಿದ್ರೆ, ವರ್ಷಾ ವರ್ಷ ಅವರೇ ಪಟ್ಟಿ ಹಾಕಿ ನೋಡಿಕೊಂಡ ರಸೀದಿ ಪುಸ್ತಕ ಅವರ ಕೈಯಲ್ಲಿ ಇದ್ದಿದ್ರೆ, ಆ ಕೇಸು ಎಷ್ಟು ಕಷ್ಟ ಆಗ್ತಿತ್ತು ಯೋಚನೆ ಮಾಡ್ರಿ.

ಬಾಬಾಸಾಹೇಬರು ಇದನ್ನು ಮರೆಯಲಿಲ್ಲ. ಸಂವಿಧಾನದ 15ನೇ ವಿಧಿಯ 2ನೇ ಖಂಡ ತೆಗೆದು ನೋಡ್ರಿ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಜನ ಸೇರುವ ಸಾರ್ವಜನಿಕ ಜಾಗ, ಇವುಗಳ ಬಳಕೆಗೆ ಜಾತಿ, ಧರ್ಮ, ಲಿಂಗ, ಹುಟ್ಟಿದ ಊರು ಯಾವುದರ ಮೇಲೂ ಅಡ್ಡಿ ಮಾಡಂಗಿಲ್ಲ. ಯಾವ ಕೆರೆ, ಯಾವ ಜಾಗ? ಸರ್ಕಾರದ ಹಣದಿಂದ ಪೂರ್ತಿಯಾಗಿ ಇಲ್ಲವೇ ಭಾಗಶಃ ನಿರ್ವಹಣೆ ಆಗೋದು, ಇಲ್ಲವೇ ಸಾರ್ವಜನಿಕರ ಬಳಕೆಗೆ ಬಿಟ್ಟದ್ದು. "ನಿರ್ವಹಣೆ" ಅನ್ನೋ ಪದ ಸಂವಿಧಾನದೊಳಗೆ ಸುಮ್ಮನೆ ಬಂದು ಕೂತಿಲ್ಲ. ಮಹಾಡಿನಿಂದ ನಡೆದು ಬಂದು ಕೂತದ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಮಿನಲ್ಲೂ ಇದೇ ಮಾತಿನ ಧಾಟಿ ಅದ. ನೀರಿನ ಗಿಡ, ಬೆಂಚು, ಜೋಕಾಲಿ ಇರೋ ಪಾರ್ಕು ಇದೇ ಸಾಲಿಗೆ ಸೇರಿದ್ದು.

ಇನ್ನು ನಮ್ಮ ಊರಿನ ತೆರಿಗೆ ಕಥೆ.

1948ರ ಸೆಪ್ಟೆಂಬರ್ 17ಕ್ಕೆ ನಿಜಾಮಶಾಹಿ ಮುಗಿಯಿತು. 1956ರ ನವೆಂಬರ್ 1ಕ್ಕೆ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ನಮ್ಮ ಕಡೆ ಆಗ ನಡೀತಿದ್ದದ್ದು ಹೈದರಾಬಾದಿನ ಜಿಲ್ಲಾ ಮುನ್ಸಿಪಾಲಿಟಿ ಕಾಯ್ದೆ. ಅದನ್ನು ತೆಗೆದು ಇಡೀ ರಾಜ್ಯಕ್ಕೆ ಒಂದೇ ಆಗಿ ಬಂದದ್ದು 1964ರ ಪುರಸಭೆಗಳ ಕಾಯ್ದೆ. ಅದರ 94ನೇ ಕಲಮಿನಲ್ಲಿ ಕಟ್ಟಡ, ಜಾಗದ ಮೇಲಿನ ತೆರಿಗೆ ಬರ್ತದ. ಊರು ಬೆಳೆದ ಹಂಗೆ ಪುರಸಭೆ, ನಗರಸಭೆ. ರಾಯಚೂರು ಈಗ ಮಹಾನಗರ ಪಾಲಿಕೆ. ದೇವದುರ್ಗ, ಮಾನ್ವಿ ಪುರಸಭೆಗಳು.

70ರ ದಶಕದಲ್ಲಿ ಈ ಪೌರಾಡಳಿತ ಖಾತೆ ನಮ್ಮ ಬಿ. ಬಸವಲಿಂಗಪ್ಪನವರ ಕೈಗೆ ಬಂದಿತ್ತು. ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿ ಆಗಿ ತಲೆ ಮೇಲೆ ಮಲ ಹೊರೋದನ್ನು ನಿಷೇಧ ಮಾಡಿದರು. 1973ರ ಬೂಸಾ ಗಲಾಟೆ ನೆನಪಿರೋರು ಮಂತ್ರಿಗಿರಿ ಹೋದ ಕಥೆ ಮಾತ್ರ ಹೇಳ್ತಾರ. ಮುನ್ಸಿಪಾಲಿಟಿ ಅಂದ್ರೆ ಚರಂಡಿ, ದೀಪ, ನಲ್ಲಿ ಅಷ್ಟೇ ಅಲ್ಲ, ಅಲ್ಲಿ ದುಡಿಯೋ ಮನುಷ್ಯ ಕೂಡ ಅಂತ ತೋರಿಸಿದ ಮಂತ್ರಿ ಅವರು. ಪಾರ್ಕಿನ ಮಾತು ಬಂದಾಗ ಇದು ಬೇಕಾಗ್ತದ, ಮುಂದೆ ಹೇಳ್ತೀನಿ.

2002ರಿಂದ ನಮ್ಮಂಥ ಊರುಗಳಿಗೆ ಸ್ವಯಂ ಘೋಷಿತ ಆಸ್ತಿ ತೆರಿಗೆ ಬಂತು. ಮನೆ ಮಾಲೀಕ ತಾನೇ ಅಳತೆ ಬರೆದು, ತಾನೇ ಲೆಕ್ಕ ಹಾಕಿ ಕಟ್ಟೋದು. ಏಪ್ರಿಲ್‌ನಲ್ಲಿ ಕಟ್ಟಿದ್ರೆ ಶೇ. 5 ರಿಯಾಯಿತಿ, ತಡ ಆದ್ರೆ ತಿಂಗಳಿಗೆ ಶೇ. 2 ದಂಡ. 2021ರ ತಿದ್ದುಪಡಿ ಆದ ಮೇಲೆ ಮಾರ್ಗಸೂಚಿ ಬೆಲೆಗೆ ಗಂಟು ಹಾಕಿದ್ದಾರೆ.

ನಿಮ್ಮ ತೆರಿಗೆ ಚಲನ್ ತೆಗೆದು ನೋಡ್ರಿ. ತೆರಿಗೆ ಕೆಳಗೆ ಸೆಸ್ ಇರ್ತಾವ. ಆರೋಗ್ಯ ಸೆಸ್ ಶೇ. 15, ಗ್ರಂಥಾಲಯ ಸೆಸ್ ಶೇ. 6, ಭಿಕ್ಷುಕರ ಸೆಸ್ ಶೇ. 3. ತೆರಿಗೆ 2000 ರೂಪಾಯಿ ಅಂತ ಇಟ್ಕೊಳ್ರಿ. ಆರೋಗ್ಯಕ್ಕೆ 300, ಗ್ರಂಥಾಲಯಕ್ಕೆ 120, ಭಿಕ್ಷುಕರ ಪುನರ್ವಸತಿಗೆ 60. ಒಟ್ಟು 480.

ಈ ಗ್ರಂಥಾಲಯ ಸೆಸ್ಸನ್ನು ಸ್ವಲ್ಪ ಹಿಡಿದು ನೋಡಬೇಕು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ದೊಡ್ಡ ಬಂಗಲೆಯವರೂ ಕಟ್ತಾರ, ಎರಡು ಖೋಲಿ ಮನೆಯವರೂ ಕಟ್ತಾರ. ಬಂಗಲೆಯವರು ಹೆಚ್ಚು, ನಾವು ಕಡಿಮೆ. ಆದರೆ ಸರ್ಕಾರಿ ಲೈಬ್ರರಿಯಲ್ಲಿ ಪೇಪರ್ ಓದೋ ಹುಡುಗನಿಗೆ "ನಿಮ್ಮಪ್ಪ ಎಷ್ಟು ಸೆಸ್ ಕಟ್ಟಿದಾನ?" ಅಂತ ಯಾರೂ ಕೇಳಲ್ಲ. ಕೇರಿಯ ಎಷ್ಟೋ ಹುಡುಗರು ಎಫ್‌ಡಿಎ, ಪಿಡಿಓ, ಪೊಲೀಸ್ ಪರೀಕ್ಷೆಗೆ ಓದಿದ್ದು ಅಂಥ ಟೇಬಲ್ ಮೇಲೆ. ನಾನೂ ಓದಿದ್ದು ಅಲ್ಲೇ. ಎಲ್ಲರಿಂದ ಎತ್ತಿದ್ದು, ಎಲ್ಲರಿಗೂ ಹಂಚಿದ್ದು. 1923ರ ಠರಾವಿನ ತರ್ಕ ಹಾಳೆಯಿಂದ ಇಳಿದು ಬಂದು ನಡೆದ ಜಾಗ ಅದು.

ಪಾರ್ಕಿಗೆ ಹಂಗೊಂದು ಸೆಸ್ ಈ ಚಲನ್‌ನಲ್ಲಿ ಇಲ್ಲ. ಪಾರ್ಕಿನ ಖರ್ಚು ಸ್ಥಳೀಯ ಸಂಸ್ಥೆಯ ಸಾಮಾನ್ಯ ನಿಧಿಯಿಂದ ಹೋಗಬೇಕು. ಜವಾಬ್ದಾರಿ ಮಾತ್ರ ಸ್ಪಷ್ಟ ಅದ. 74ನೇ ತಿದ್ದುಪಡಿಯಿಂದ ಬಂದ ಸಂವಿಧಾನದ 12ನೇ ಅನುಸೂಚಿಯಲ್ಲಿ 18 ಕೆಲಸ ಪಟ್ಟಿ ಮಾಡ್ಯಾರ. 12ನೇದ್ದು ಪಾರ್ಕು, ಉದ್ಯಾನ, ಆಟದ ಮೈದಾನ. ಅದಕ್ಕಿಂತ ಮೊದಲು 9ನೇದ್ದು ದುರ್ಬಲ ವರ್ಗಗಳ ಹಿತ ಕಾಯೋದು, 10ನೇದ್ದು ಕೊಳೆಗೇರಿ ಸುಧಾರಣೆ, 11ನೇದ್ದು ನಗರದ ಬಡತನ ನಿವಾರಣೆ. ಈ ನಾಲ್ಕೂ ಒಂದೇ ಸಾಲಿನಲ್ಲಿ ಕೂತಾವ. ನಮ್ಮ ಊರುಗಳಲ್ಲಿ ಮಾತ್ರ 12ನೇದ್ದಕ್ಕೆ 10ನೇದ್ದರ ಮುಖ ಪರಿಚಯವೇ ಇಲ್ಲ.

ಯಾಕಂದ್ರೆ ಪಾರ್ಕಿನ ಜಾಗ ಹುಟ್ಟೋದು ಅನುಮೋದನೆ ಆದ ಲೇಔಟಿನಲ್ಲಿ. ನಕ್ಷೆ ಮಂಜೂರು ಆಗಬೇಕಾದ್ರೆ ರಸ್ತೆಗೆ, ಪಾರ್ಕಿಗೆ, ನಾಗರಿಕ ಸೌಲಭ್ಯಕ್ಕೆ ಜಾಗ ಬಿಡಬೇಕು. ಕೇರಿಗೆ ನಕ್ಷೆ ಎಲ್ಲಿ ಅದ? ಕೇರಿ ಯಾವ ಪ್ಲಾನಿಂಗ್ ಆಫೀಸಿಗೂ ಹೋಗಿ ಮಂಜೂರಾಗಿ ಹುಟ್ಟಿದ್ದಲ್ಲ, ಊರು ಹೊರಗೆ ನೂಕಿದಾಗ ಹುಟ್ಟಿದ್ದು. ನಕ್ಷೆ ಇಲ್ಲದ್ದಕ್ಕೆ ಪಾರ್ಕ್ ಇಲ್ಲ. ಎಷ್ಟೋ ಮನೆಗೆ ಉತಾರ ಇಲ್ಲ, ಖಾತಾ ಇಲ್ಲ. 2025ರ ಫೆಬ್ರವರಿಯಲ್ಲಿ ಸರ್ಕಾರ ಬಿ ಖಾತಾ ಅಭಿಯಾನ ಶುರು ಮಾಡ್ತು. ಅನಧಿಕೃತ ಆಸ್ತಿಗೂ ಖಾತಾ, ಮೊದಲ ಸಲ ಎರಡು ಪಟ್ಟು ತೆರಿಗೆ. ನಮ್ಮವರೂ ಕಾಗದ ಹಿಡಿದು ಸಾಲಿನಲ್ಲಿ ನಿಂತರು. ಅಂದ್ರೆ ಪಾರ್ಕೇ ಇಲ್ಲದ ಓಣಿಯವನು ಮೊದಲ ವರ್ಷ ಡಬಲ್ ಕಟ್ಟಿ ರಿಜಿಸ್ಟರಿಗೆ ಬರ್ತಾನ. ಅದೇ ಹೊತ್ತಿಗೆ ಪಾರ್ಕ್ ಇರೋ ಬಡಾವಣೆಯವರು "ನಮ್ಮ ಪಾರ್ಕಿನ ದುಡ್ಡು ನಮ್ಮ ಹತ್ರವೇ ಇರಲಿ" ಅಂತಾರ. ಇತಿಹಾಸ ಹೆಂಗೆ ಟೈಮ್ ನೋಡಿ ಬರ್ತದ ನೋಡ್ರಿ.

ಈ ಯೋಚನೆ ಲೇಔಟಿನವರು ಮಾತ್ರ ಹುಟ್ಟಿಸಿದ್ದಲ್ಲ. 2015ರಲ್ಲಿ ಅಮೃತ್ ಯೋಜನೆ ಬಂತು, ರಾಯಚೂರೂ ಅದರಲ್ಲಿ ಇತ್ತು. ನೀರು, ಒಳಚರಂಡಿ ಜೊತೆಗೆ ಹಸಿರು ಜಾಗ, ಪಾರ್ಕ್ ಕೂಡಾ. ಕಟ್ಟೋಕೆ ಕೇಂದ್ರದ ಅನುದಾನ. ನೋಡಿಕೊಳ್ಳೋಕೆ? ಅದೇ ಯೋಜನೆಯ ಸುಧಾರಣೆಗಳ ಪಟ್ಟಿಯಲ್ಲೇ, ಪಾರ್ಕು ಮೈದಾನಗಳ ನಿರ್ವಹಣೆಗೆ ಜನ-ಸರ್ಕಾರ-ಖಾಸಗಿ ಸಹಭಾಗಿತ್ವದ ವ್ಯವಸ್ಥೆ ಮಾಡಿಕೊಳ್ರಿ ಅಂತ ಹೇಳಿದ್ರು. ಉದ್ಘಾಟನೆಗೆ ಕಲ್ಲು ಬೀಳ್ತದ, ಮುಂದಿನ ಬೇಸಿಗೆಗೆ ನೀರು ಬೀಳಲ್ಲ. ಬಳ್ಳಾರಿ ಜಾಲಿ ಬೆಳಿತದ. ಆಗ "ಜನ" ಮುಂದೆ ಬರ್ತಾರ. ಯಾವ ಜನ? ಕಟ್ಟೋ ಶಕ್ತಿ ಇದ್ದ ಜನ.

ಈ ದಾರಿಯಲ್ಲಿ ಬಹಳ ದೂರ ಹೋದವರು ಅಮೆರಿಕದವರು. ಕ್ಯಾಲಿಫೋರ್ನಿಯಾದಲ್ಲಿ 1972ರಲ್ಲೇ ಇದಕ್ಕೊಂದು ಕಾಯ್ದೆ ಆಯ್ತು. ಒಂದು ಬಡಾವಣೆಯನ್ನು ಜಿಲ್ಲೆ ಅಂತ ಗುರುತಿಸಿ, ಅಲ್ಲಿನ ಗಿಡ, ಹುಲ್ಲು, ಬೀದಿ ದೀಪದ ಖರ್ಚನ್ನು ಅಲ್ಲಿನ ಪ್ರತಿ ಆಸ್ತಿಗೂ ಹಂಚಿ, ಆಸ್ತಿ ತೆರಿಗೆ ಬಿಲ್ಲಿನ ಜೊತೆಗೇ ವರ್ಷಾ ವರ್ಷ ವಸೂಲಿ ಮಾಡೋದು. 1996ರಲ್ಲಿ ಜನಮತದ ಮೂಲಕ ಇನ್ನೊಂದು ನಿಯಮ ಸೇರಿತು. ಇಂಥ ಹೊಸ ಕರ ಹಾಕಬೇಕಾದ್ರೆ ಆಸ್ತಿ ಮಾಲೀಕರ ಮತ ಕೇಳಬೇಕು. ಒಳ್ಳೇದೇ. ಆದರೆ ಆ ಮತದ ತೂಕ ತಲೆಗೊಂದಲ್ಲ, ಕಟ್ಟೋ ದುಡ್ಡಿಗೆ ತಕ್ಕಂತೆ. ದೊಡ್ಡ ಆಸ್ತಿಗೆ ಭಾರದ ಓಟು, ಸಣ್ಣ ಮನೆಗೆ ಹಗುರ ಓಟು. ಬಾಡಿಗೆ ಕೊಡೋ ಹೊತ್ತಿಗೆ ಆ ಕರವನ್ನೂ ಸೇರಿಸಿ ಕೊಡೋ ಬಾಡಿಗೆದಾರ ಲೆಕ್ಕಕ್ಕೆ ಬರೋದು ಕಷ್ಟ. ಅಲ್ಲಿ ಒಂದು ಒಳ್ಳೆ ಗುಣವೂ ಅದ, ಅದನ್ನೂ ಹೇಳಬೇಕು: ಲೆಕ್ಕ ಸರ್ಕಾರಿ ಸಂಸ್ಥೆಯ ಕೈಯಲ್ಲಿ, ವರ್ಷಕ್ಕೊಮ್ಮೆ ವರದಿ, ಬಹಿರಂಗ ವಿಚಾರಣೆ. ನಮ್ಮಲ್ಲಿ ಹೇಳ್ತಿರೋ ಪಟ್ಟಿಗೆ ಅದೂ ಇಲ್ಲ. ರಸೀದಿ ಪುಸ್ತಕ ಅಧ್ಯಕ್ಷರ ಮನೆಯಲ್ಲಿ.

1919ರಲ್ಲಿ ಬಾಬಾಸಾಹೇಬರು ಯಾವ ಗಂಟು ಬಿಚ್ಚೋಕೆ ಹೊರಟರೋ ಅದೇ ಗಂಟು ಹುಲ್ಲುಹಾಸಿನ ಮೇಲೆ ಮತ್ತೆ ಬಿದ್ದದ. ಎಷ್ಟು ಆಸ್ತಿಯೋ ಅಷ್ಟು ಮಾತು.

ಈಗ ನಷ್ಟದ ಲೆಕ್ಕ. ಮೂರು ಅದಾವ.

ಒಂದು, ಗೇಟು. ಒಂದು ಬಡಾವಣೆಯಲ್ಲಿ ಮನೆಗೆಲಸಕ್ಕೆ ಹೋಗೋ ನಮ್ಮ ಅಕ್ಕ ಒಬ್ಬರು ಹೇಳಿದ ಮಾತು. ಕೆಲಸ ಮುಗಿಯೋ ತನಕ ಮಗಳು ಪಾರ್ಕಿನ ಜೋಕಾಲಿ ಮೇಲೆ ಕೂತಿತ್ತು. ಒಬ್ಬರು ಬಂದು "ಇದು ಮೆಂಟೆನೆನ್ಸ್ ಕಟ್ಟಿದವರ ಮಕ್ಕಳಿಗೆ" ಅಂದ್ರಂತೆ. ಜಾತಿ ಹೆಸರು ಎತ್ತಲೇ ಇಲ್ಲ. ಎತ್ತೋ ಅವಶ್ಯಕತೆಯೇ ಇಲ್ಲ ಈಗ. "ಕಟ್ಟಿದವರು" ಅನ್ನೋ ಪದವೇ ಆ ಕೆಲಸ ಮಾಡ್ತದ. ಕಾನೂನಿನಲ್ಲಿ ಇದು ನಿಲ್ಲಲ್ಲ. ಲೇಔಟಿನ ಪಾರ್ಕ್ ಜಾಗ ಸಾರ್ವಜನಿಕರಿಗೆ ಬಿಟ್ಟದ್ದು, 15(2) ಅಲ್ಲಿಗೂ ಬರ್ತದ. ಆದರೆ 8 ವರ್ಷದ ಹುಡುಗಿ ಜೋಕಾಲಿಯಿಂದ ಇಳಿಯೋಕೆ ಕೋರ್ಟ್ ಆರ್ಡರ್ ಬೇಕಾಗಿಲ್ಲ, ಒಂದು ನೋಟ ಸಾಕು.

ಎರಡು, 24.10. ಇದು ನಮ್ಮವರು ಗಟ್ಟಿಯಾಗಿ ತಿಳ್ಕೋಬೇಕಾದ ವಿಷಯ. ನಗರ ಸ್ಥಳೀಯ ಸಂಸ್ಥೆಗಳು ತಮ್ಮ ಆದಾಯದಲ್ಲಿ ಶೇ. 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ ತೆಗೆದಿಡಬೇಕು. ಹಿಂದೆ 22.75 ಇತ್ತು. 2011ರ ಜನಗಣತಿ ಪ್ರಕಾರ ಎಸ್ಸಿ 17.15, ಎಸ್ಟಿ 6.95, ಕೂಡಿಸಿದ್ರೆ 24.10. ಈಗ ಲೆಕ್ಕ ಹಾಕ್ರಿ. ಮೀಸಲು ಲೆಕ್ಕಕ್ಕೆ ಬರೋ 10 ಲಕ್ಷ ರೂಪಾಯಿ ಆಸ್ತಿ ತೆರಿಗೆಯಾಗಿ ಬಂದ್ರೆ ಅದರಲ್ಲಿ 2 ಲಕ್ಷ 41 ಸಾವಿರ ನಮ್ಮ ಪಾಲು. ಅದೇ 10 ಲಕ್ಷ ಬಡಾವಣೆ ಸಂಘದ ಪಟ್ಟಿಯಾಗಿ ಎತ್ತಿದ್ರೆ ನಮ್ಮ ಪಾಲು ಸೊನ್ನೆ. ಯಾರೂ ಕದ್ದಿಲ್ಲ, ಯಾರೂ ತಿಂದಿಲ್ಲ, ಆದ್ರೂ ಹೋಯ್ತು. ಮುಂದೆ ಇದೇ ಸಂಘದವರು "ಪಾರ್ಕ್ ನಾವೇ ನೋಡ್ಕೋತೀವಿ, ತೆರಿಗೆ ಯಾಕ ಏರಿಸ್ತೀರಿ" ಅಂದ್ರೆ ಯಾವ ಕೌನ್ಸಿಲರ್ ಎದುರು ಮಾತಾಡ್ತಾನ? ದೇವದುರ್ಗ, ಮಾನ್ವಿಯಂಥ ಸಣ್ಣ ಪುರಸಭೆಗೆ ಸ್ವಂತ ಆದಾಯ ಮೊದಲೇ ತೆಳ್ಳಗ. ಉಳ್ಳವರು ಕೈ ಎತ್ತಿದ್ರೆ ಉಳಿಯೋದು ಅನುದಾನದ ದಾರಿ ಕಾಯೋದೊಂದೇ.

ಮೂರು, ದುಡಿಯೋರು. ಪಾರ್ಕಿನ ಕಸ ಬಳಿಯೋದು, ನೀರು ಬಿಡೋದು, ಹುಲ್ಲು ಕೊಯ್ಯೋದು ಯಾರು? ಕೆರೆ ಹೂಳು ಹೊತ್ತವರ ಮೊಮ್ಮಕ್ಕಳೇ. ಪೌರಕಾರ್ಮಿಕರ ಸ್ಥಿತಿ ಬಗ್ಗೆ ಐಪಿಡಿ ಸಾಲಪ್ಪ ಕಮಿಟಿ ವರದಿ ಕೊಟ್ಟು ಅರ್ಧ ಶತಮಾನ ಆಗ್ತಾ ಬಂತು. ಗುತ್ತಿಗೆ ಕಿತ್ತು ನೇರ ಪಾವತಿ, ಕಾಯಂ ಅಂತ ಸಂಘಟನೆಗಳು ಬೀದಿಗಿಳಿದು ಒಂದೊಂದೇ ಗೆದ್ದು ತಂದಾವ. ಸಂಘದ ಪಟ್ಟಿಯಲ್ಲಿ ಇಟ್ಟುಕೊಳ್ಳೋ ಮಾಲಿಗೆ ಇದ್ಯಾವುದೂ ಇಲ್ಲ. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ನಾಳೆ ಬರಬೇಡ ಅಂದ್ರೆ ಮುಗೀತು. ಬಸವಲಿಂಗಪ್ಪನವರು ಮುನ್ಸಿಪಾಲಿಟಿಯೊಳಗೆ ತಂದು ನಿಲ್ಲಿಸಿದ ಮನುಷ್ಯ ಮತ್ತೆ ಲೆಕ್ಕದ ಹೊರಗೆ ಹೋಗ್ತಾನ.

ಈಗ ಎದುರಿನವರ ಮಾತಿಗೂ ಉತ್ತರ ಕೊಡಬೇಕು. ಬಡಾವಣೆಯವರು ಹೇಳೋದು ಸುಳ್ಳಲ್ಲ. ತೆರಿಗೆ ಕಟ್ತಾರ, ಆದ್ರೂ ಪಾರ್ಕಿನಲ್ಲಿ ನೀರಿಲ್ಲ, ದೀಪ ಇಲ್ಲ. ರಾಯಚೂರಿನ ಬಿಸಿಲು ಎಂಥದ್ದು ಅಂತ ಬೇರೆ ಹೇಳಬೇಕಿಲ್ಲ, ನೆರಳು ಇಲ್ಲಿ ಶೋಕಿ ಅಲ್ಲ. ವಯಸ್ಸಾದವರಿಗೆ ನಾಲ್ಕು ಹೆಜ್ಜೆ ನಡೆಯೋ ಜಾಗ ಬೇಕು. ಆ ಬಡಾವಣೆಗಳಲ್ಲಿ ನಮ್ಮ ನೌಕರ ಬಂಧುಗಳೂ ಅದಾರ, ಅವರೂ ಈ ಪಟ್ಟಿ ಕೊಡ್ತಾರ. ಅವರಿಗೆ ನಾನು ಹೇಳೋದಿಷ್ಟೇ. ಗಿಡಕ್ಕೆ ನೀರು ಹಾಕ್ರಿ, ಶ್ರಮದಾನ ಮಾಡ್ರಿ, ಯಾರೂ ಬೇಡ ಅನ್ನಲ್ಲ. ಆದರೆ ಗೇಟಿನ ಕೀಲಿ ಊರಾಡಳಿತದ ಕೈಯಲ್ಲೇ ಇರಲಿ, ದುಡ್ಡು ಸರ್ಕಾರಿ ರಸೀದಿಯಲ್ಲೇ ಹೋಗಲಿ. ಪಾರ್ಕಿಗೆ ಹೆಚ್ಚು ದುಡ್ಡು ಬೇಕಂದ್ರೆ ಗ್ರಂಥಾಲಯ ಸೆಸ್ಸಿನ ಹಂಗೆ ಇಡೀ ಊರಿಗೆ ಒಂದೇ ನಿಯಮದಲ್ಲಿ, ಆಸ್ತಿ ಬೆಲೆಗೆ ತಕ್ಕಂತೆ ಎತ್ತಲಿ. ಮೊದಲ ಪಾಲು ಪಾರ್ಕೇ ಇಲ್ಲದ ಓಣಿಗೆ ಹೋಗಲಿ. ನಿಮ್ಮ ದುಡ್ಡಿನಿಂದ ಸಿಯಾತಲಾಬ್‌ನಲ್ಲೋ ಹರಿಜನವಾಡದಲ್ಲೋ ನಾಲ್ಕು ಬೇವಿನ ಗಿಡ ಬೆಳೆದ್ರೆ ಅದು ನಷ್ಟ ಅಲ್ಲ. ಊರು ಅಂದ್ರೆ ಅದೇ.

ನಾವು ಮಾಡಬೇಕಾದ್ದು:

1985ರ ಕರ್ನಾಟಕ ಉದ್ಯಾನವನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ಥಳೀಯ ಸಂಸ್ಥೆ ತನ್ನ ಪಾರ್ಕುಗಳ ಪಟ್ಟಿ ಮಾಡಬೇಕು. ಆ ಪಟ್ಟಿ ಕೇಳ್ರಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ಯಾವ ವಾರ್ಡಿನಲ್ಲಿ ಎಷ್ಟು ಪಾರ್ಕು, ಕಳೆದ 3 ವರ್ಷ ಪ್ರತಿ ಪಾರ್ಕಿಗೆ ಎಷ್ಟು ಖರ್ಚು, ಯಾವ ಲೆಕ್ಕ ಶೀರ್ಷಿಕೆಯಿಂದ, ಯಾವ ಪಾರ್ಕನ್ನು ಯಾವ ಸಂಘಕ್ಕೆ ಒಪ್ಪಂದದ ಮೇಲೆ ಕೊಟ್ಟಾರ, ಒಪ್ಪಂದದ ಪ್ರತಿ. ಜೊತೆಗೆ 24.10ರಲ್ಲಿ ಎಷ್ಟು ಖರ್ಚು, ಎಷ್ಟು ಬಾಕಿ.

ಬಜೆಟ್‌ಗೆ ಮೊದಲು ಸಾರ್ವಜನಿಕರ ಸಲಹಾ ಸಭೆ ಕರೀತಾರ. ನೋಟಿಸು ಸಣ್ಣ ಅಕ್ಷರದಲ್ಲಿ ಬರ್ತದ. ಸಭೆಯಲ್ಲಿ ಕೂತಿರೋರು ಬಹಳ ಸಲ ಬಡಾವಣೆಯವರು, ವ್ಯಾಪಾರಿಗಳು ಅಷ್ಟೇ. ಈ ಸಲ ಕೇರಿಯಿಂದ 10 ಮಂದಿ ಹೋಗ್ರಿ. ಕೈಯಲ್ಲಿ ಹಾಳೆ ಇರಲಿ. "ನಮ್ಮ ವಾರ್ಡಿನ ಮಕ್ಕಳಿಗೆ ಆಟದ ಜಾಗ ಎಲ್ಲಿ?" ಅಂತ ಒಂದೇ ಪ್ರಶ್ನೆ ಕೇಳಿ, ಉತ್ತರ ನಡಾವಳಿಯಲ್ಲಿ ಬರೆಸಿ ಬರ್ರಿ. ಬಾಯಿಮಾತಿಗೆ ಆಫೀಸಿನಲ್ಲಿ ಬೆಲೆ ಇಲ್ಲ. ನಡಾವಳಿಗೆ ಅದ. ಗುಮಾಸ್ತನ ಮಾತು, ನಂಬ್ರಿ.

ಮಹಾಡಿನಲ್ಲಿ ನಮ್ಮವರು ಬಾಯಾರಿಕೆಗಾಗಿ ಆ ಕೆರೆಗೆ ಹೋಗಿದ್ದಲ್ಲ. ನಮ್ಮ ಹಕ್ಕಿನ ನೀರು ಅಂತ ಹೋಗಿದ್ದು. ಪಾರ್ಕಿನ ಬೆಂಚಿನ ಮೇಲೆ ಕೂಡೋದೂ ಅಷ್ಟೇ. ದುಡ್ಡು ಊರಿನದಾಗಿ ಉಳಿದ್ರೆ ಮಾತ್ರ ಜಾಗ ಊರಿನದಾಗಿ ಉಳಿತದ.

ನಿಮ್ಮ ಊರಿನಲ್ಲಿ ಪಾರ್ಕಿಗೆ "ಕಟ್ಟಿದವರಿಗೆ ಮಾತ್ರ" ಅಂತ ಬೋರ್ಡ್ ಇದ್ರೆ ಫೋಟೋ ಹೊಡೆದು, ಯಾವ ವಾರ್ಡು ಅಂತ ಬರೆದು ಕಾಮೆಂಟಿನಲ್ಲಿ ಹಾಕ್ರಿ. ಒಟ್ಟು ಮಾಡಿ ಅರ್ಜಿ ಬರೆಯೋ ಕೆಲಸ ನನ್ನದು.

ಜೈ ಭೀಮ್. ಜೈ ಸಂವಿಧಾನ.